ಗೆಣಸಿಗೆ ಬಂದ ಹೆಸರು

ಅಮೆರಿಕದಲ್ಲಿ ನೆಲೆಸಿರುವ ನನ್ನ ಹಳೆಯ ವಿದ್ಯಾರ್ಥಿಗಳು ಥ್ಯಾಂಕ್ಸ್‌ಗಿವಿಂಗ್ ಹಬ್ಬದೂಟದಲ್ಲಿ ‘ಕ್ಯಾಂಡೀಡ್ ಯಾಮ್ಸ್’ ತಿಂದಿರಬಹುದು. ಹೆಸರು ಯಾಮ್ ಆದರೂ ತಟ್ಟೆಯಲ್ಲಿರುವುದು ನಮ್ಮ ಸಿಹಿಗೆಣಸೇ. ಈ ಹೆಸರಿನ ಹಿಂದೊಂದು ನೋವಿನ ಕಥೆಯಿದೆ.

ಯಾಮ್ ಪಶ್ಚಿಮ ಆಫ್ರಿಕದ ಜನರ ಮುಖ್ಯ ಆಹಾರ. ಅವರನ್ನು ಗುಲಾಮರನ್ನಾಗಿಸಿ ಅಮೆರಿಕದ ದಕ್ಷಿಣ ರಾಜ್ಯಗಳಿಗೆ ಹಡಗುಗಳಲ್ಲಿ ಒಯ್ದಾಗ ಅಲ್ಲಿ ದೊರೆತದ್ದು ಸಿಹಿಗೆಣಸು. ತಾಯ್ನಾಡಿನ ಗೆಡ್ಡೆಯ ಹೆಸರನ್ನೇ ಅದಕ್ಕಿಟ್ಟರು. ತಮ್ಮ ಗುಡಿಸಲಿನಲ್ಲಿ ಅದನ್ನು ಬೂದಿಯಲ್ಲಿ ಸುಟ್ಟು ತಿಂದರು. ಒಡೆಯರ ಅಡುಗೆಮನೆಯಲ್ಲಿ ದುಡಿದವರೂ, ಲೂಯಿಸಿಯಾನದ ಕಬ್ಬಿನ ತೋಟಗಳಲ್ಲಿ ಸಕ್ಕರೆಗಾಗಿ ಬೆವರು ಸುರಿಸಿದವರೂ ಅವರೇ. 1865ರಲ್ಲಿ ಗುಲಾಮಗಿರಿ ರದ್ದಾಯಿತು. ಗುಲಾಮಗಿರಿಯಲ್ಲೇ ಹುಟ್ಟಿದ ಜಾರ್ಜ್ ವಾಷಿಂಗ್ಟನ್ ಕಾರ್ವರ್ 1896ರಲ್ಲಿ ಟಸ್ಕೀಗಿಗೆ ಉಪಾಧ್ಯಾಯರಾಗಿ ಬಂದು, ಹತ್ತಿಯಿಂದ ಸೊರಗಿದ ಹೊಲಗಳಲ್ಲಿ ಗೆಣಸನ್ನೂ ಬೆಳೆಯಿರೆಂದು ಬಡ ರೈತರಿಗೆ ತಿಳಿಹೇಳಿದರು. 1930ರ ದಶಕದಲ್ಲಿ ಲೂಯಿಸಿಯಾನದ ಬೆಳೆಗಾರರು ತಮ್ಮ ಕಿತ್ತಳೆ ಬಣ್ಣದ ಗೆಣಸನ್ನು ‘ಯಾಮ್’ ಎಂದೇ ಮಾರಿದರು.

ಮಾಡುವುದು ಸುಲಭ. ಬೇಯಿಸಿ ಸಿಪ್ಪೆ ತೆಗೆದ ಹೋಳುಗಳನ್ನು ಬೆಣ್ಣೆ, ಕಂದು ಸಕ್ಕರೆ, ತುಸು ನೀರು, ಚಿಟಿಕೆ ಉಪ್ಪು ಮತ್ತು ಜಾಯಿಕಾಯಿ ಪುಡಿಯೊಡನೆ ಸಣ್ಣ ಉರಿಯಲ್ಲಿಟ್ಟು, ಪಾಕ ಹೋಳುಗಳಿಗೆ ಹತ್ತಿಕೊಂಡು ಹೊಳೆಯತೊಡಗಿದಾಗ ಇಳಿಸಿ. ಮಕ್ಕಳಿಗೆ ಬಡಿಸುವಾಗ, ಆ ಹೆಸರನ್ನಿಟ್ಟವರ ಕಥೆಯನ್ನೂ ಹೇಳಿ.