ಮನೆಯ ಹಳೆಯ ಗಣಕಯಂತ್ರಕ್ಕೆ ಯಾವ ಲಿನಕ್ಸ್? ಹೊಸಬರಿಗೊಂದು ಕೈಪಿಡಿ

2025ರ ಅಕ್ಟೋಬರ್ 14ರಂದು ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಸಂಸ್ಥೆ ನೀಡುತ್ತಿದ್ದ ಸಾಮಾನ್ಯ ಬೆಂಬಲ ಕೊನೆಗೊಂಡಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಎಂಬ ಭದ್ರತಾ ಘಟಕ ಕಡ್ಡಾಯ. ಇಂಟೆಲ್‌ನ ಎಂಟನೆಯ ಪೀಳಿಗೆಗಿಂತ ಹಿಂದಿನ ಪ್ರೊಸೆಸರ್ ಉಳ್ಳ ಬಹುಪಾಲು ಯಂತ್ರಗಳು ಅದರ ಅಧಿಕೃತ ಪಟ್ಟಿಯಲ್ಲಿಲ್ಲ. ಹೀಗಾಗಿ ಚೆನ್ನಾಗಿಯೇ ನಡೆಯುತ್ತಿರುವ ಅನೇಕ ಗಣಕಯಂತ್ರಗಳು ಇದ್ದಕ್ಕಿದ್ದಂತೆ ಹಳೆಯ ಸಾಮಾನಾಗಿವೆ.

ಮುಂಬಯಿಯ ನಮ್ಮ ಮನೆಯಲ್ಲಿಯೂ ಅಂತಹುದೊಂದು ಲ್ಯಾಪ್‌ಟಾಪ್ ಇದೆ. ರಿಪೇರಿ ಅಂಗಡಿಯವರು ಅದನ್ನು ಗುಜರಿಗೆ ಹಾಕಿರೆಂದರು. ಆದರೆ ನಮ್ಮ ತೀರ್ಥರೂಪರು ತಮ್ಮ ಕೊನೆಯ ವರ್ಷಗಳಲ್ಲಿ ಬೆರಳಚ್ಚಿಸಿದ ಬಾಲ್ಯದ ನೆನಪುಗಳು ಅದರಲ್ಲಿವೆ. ನಾವು ತಂತ್ರಜ್ಞರಲ್ಲ, ಕಲಾ ವಿಭಾಗದಲ್ಲಿ ಓದಿ ಬ್ಯಾಂಕಿನಲ್ಲಿ ದುಡಿಯುತ್ತಿರುವವರು. ಆ ಯಂತ್ರವನ್ನು ಉಳಿಸಿಕೊಳ್ಳಲು ಹೊರಟು ನಾವು ಕಲಿತದ್ದನ್ನು ಇಲ್ಲಿ ಸಂಗ್ರಹಿಸಿದ್ದೇವೆ.

ಮುಕ್ತ ತಂತ್ರಾಂಶವೆಂದರೆ

ಗಣಕಯಂತ್ರದ ಬಿಡಿಭಾಗಗಳನ್ನೂ ನಾವು ಬಳಸುವ ತಂತ್ರಾಂಶಗಳನ್ನೂ ಹೊಂದಿಸಿ ನಡೆಸುವ ಮೂಲ ತಂತ್ರಾಂಶವೇ ಕಾರ್ಯಾಚರಣಾ ವ್ಯವಸ್ಥೆ. 1983ರಲ್ಲಿ ಅಮೆರಿಕದ ರಿಚರ್ಡ್ ಸ್ಟಾಲ್‌ಮನ್ ಅವರು ಎಲ್ಲರೂ ಸ್ವತಂತ್ರವಾಗಿ ಬಳಸಬಹುದಾದ ಗ್ನು ಎಂಬ ವ್ಯವಸ್ಥೆಯ ಯೋಜನೆಯನ್ನು ಪ್ರಕಟಿಸಿದರು. ತಂತ್ರಾಂಶವನ್ನು ಬಳಸುವ, ಅದರ ಒಳರಚನೆಯನ್ನು ಅಭ್ಯಸಿಸಿ ಬದಲಿಸುವ, ಪ್ರತಿ ಮಾಡಿ ಹಂಚುವ ಮತ್ತು ಬದಲಿಸಿದ್ದನ್ನು ಹಂಚುವ ನಾಲ್ಕು ಸ್ವಾತಂತ್ರ್ಯಗಳು ಮುಕ್ತ ತಂತ್ರಾಂಶದ ತಳಹದಿ. 1991ರಲ್ಲಿ ಫಿನ್ಲೆಂಡಿನ ಹೆಲ್ಸಿಂಕಿ ವಿಶ್ವವಿದ್ಯಾಲಯದ ವಿದ್ಯಾರ್ಥಿ ಲೀನಸ್ ಟೋರ್ವಾಲ್ಡ್ಸ್ ಅವರು ಲಿನಕ್ಸ್ ಎಂಬ ತಿರುಳನ್ನು ರಚಿಸಿದರು. ಎರಡೂ ಕೂಡಿದಾಗ ಸಂಪೂರ್ಣ ವ್ಯವಸ್ಥೆಯೊಂದು ಜಗತ್ತಿಗೆ ದೊರೆಯಿತು. ನಮ್ಮ ಕೈಯಲ್ಲಿರುವ ಆಂಡ್ರಾಯ್ಡ್ ಮೊಬೈಲಿನ ಒಳಗಿರುವುದೂ ಲಿನಕ್ಸ್ ತಿರುಳೇ. ಆದುದರಿಂದ ಇದು ನಮಗೆ ಸಂಪೂರ್ಣ ಅಪರಿಚಿತವೇನಲ್ಲ.

ಒಂದೇ ಅಕ್ಕಿಯಿಂದ ದೋಸೆ, ಇಡ್ಲಿ, ಕಡುಬು ಆಗುವಂತೆ ಒಂದೇ ತಿರುಳಿನ ಸುತ್ತ ಬೇರೆ ಬೇರೆ ತಂಡಗಳು ನೂರಾರು ಬಗೆಯ ಲಿನಕ್ಸ್ ಕಟ್ಟಿವೆ. ಇವುಗಳಿಗೆ ವಿತರಣೆಗಳೆಂದು ಹೆಸರು. ಹೊಸಬರು ಗಾಬರಿಯಾಗುವುದು ಈ ಸಂಖ್ಯೆಯನ್ನು ಕಂಡೇ.

ಆರಿಸುವ ಮುನ್ನ ನಾಲ್ಕು ಪ್ರಶ್ನೆಗಳು

ಮೊದಲನೆಯದು, ಯಂತ್ರದ ಶಕ್ತಿ ಎಷ್ಟು? ನಾಲ್ಕು ಜಿಬಿ ರ‍್ಯಾಮ್ ಇದ್ದರೆ ಹಗುರ ವಿತರಣೆಗಳು ನಡೆಯುತ್ತವೆ. ಎಂಟು ಇದ್ದರೆ ಬಹುತೇಕ ಎಲ್ಲವೂ ಸರಾಗ. ತೀರಾ ಹಳೆಯ 32 ಬಿಟ್ ಯಂತ್ರಗಳಿಗೆ ಆಯ್ಕೆ ಕಡಿಮೆ; ಅಂತಹ ಯಂತ್ರಗಳ ಡೆಸ್ಕ್‌ಟಾಪ್ ಪ್ರತಿಯನ್ನು ಉಬುಂಟು 2017ರಲ್ಲಿಯೇ ನಿಲ್ಲಿಸಿತು.

ಎರಡನೆಯದು, ಮನೆಯಲ್ಲಿ ಅದರಿಂದ ಆಗಬೇಕಾದ ಕೆಲಸವೇನು? ಅಂತರ್ಜಾಲ, ಪತ್ರ, ಲೆಕ್ಕದ ಹಾಳೆ, ಚಲನಚಿತ್ರ, ಮೊಮ್ಮಕ್ಕಳೊಡನೆ ವೀಡಿಯೊ ಮಾತುಕತೆ ಇಷ್ಟೇ ಆದರೆ ಚಿಂತೆಯಿಲ್ಲ. ಆದರೆ ಟ್ಯಾಲಿಯಂತಹ ವಿಂಡೋಸ್ ತಂತ್ರಾಂಶ ಅನಿವಾರ್ಯವಾಗಿದ್ದರೆ ವಿಂಡೋಸನ್ನು ಉಳಿಸಿಕೊಳ್ಳಬೇಕಾಗುತ್ತದೆ.

ಮೂರನೆಯದು, ಬೆಂಬಲ ಎಷ್ಟು ವರ್ಷ? ದೀರ್ಘಕಾಲದ ಬೆಂಬಲವುಳ್ಳ ಆವೃತ್ತಿಯನ್ನೇ ಆರಿಸಬೇಕು.

ನಾಲ್ಕನೆಯದು, ತೊಡಕಾದಾಗ ಕೇಳಲು ಯಾರಿದ್ದಾರೆ? ಪರಿಚಿತರಲ್ಲಿ ಒಬ್ಬರಾದರೂ ಬಳಸುತ್ತಿರುವ ವಿತರಣೆಯೇ ಹೊಸಬರಿಗೆ ಉತ್ತಮ. ಈ ಪ್ರಶ್ನೆ ಉಳಿದ ಮೂರಕ್ಕಿಂತ ಮುಖ್ಯವೆಂಬುದು ನಮ್ಮ ಅನುಭವ.

ಹೊಸಬರಿಗೆ ಹೊಂದುವ ಆಯ್ಕೆಗಳು

ಲಿನಕ್ಸ್ ಮಿಂಟ್: 2006ರಲ್ಲಿ ಆರಂಭವಾದ ಇದರ ಮುಖ್ಯ ಆವೃತ್ತಿಗಳು ಉಬುಂಟುವಿನ ತಳಹದಿಯ ಮೇಲೆ ನಿಂತಿವೆ. ಕೆಳಗಿನ ಪಟ್ಟಿ, ಎಡಮೂಲೆಯ ಮೆನು ಎಲ್ಲವೂ ವಿಂಡೋಸ್ ಬಳಸಿದವರಿಗೆ ಪರಿಚಿತವೆನಿಸುತ್ತವೆ. ಸಿನಮನ್, ಮಾಟೆ, ಎಕ್ಸ್‌ಎಫ್‌ಸಿಇ ಎಂಬ ಮೂರು ರೂಪಗಳಿದ್ದು, ದುರ್ಬಲ ಯಂತ್ರಕ್ಕೆ ಕೊನೆಯದು ಸೂಕ್ತ. 2024ರಲ್ಲಿ ಹೊರಬಂದ ಮಿಂಟ್ 22ಕ್ಕೆ 2029ರವರೆಗೆ ಬೆಂಬಲವಿದೆ.

ಉಬುಂಟು: ದಕ್ಷಿಣ ಆಫ್ರಿಕದ ಮಾರ್ಕ್ ಶಟಲ್‌ವರ್ತ್ ಅವರ ಮುಂದಾಳುತನದಲ್ಲಿ 2004ರಲ್ಲಿ ಮೊದಲ ಆವೃತ್ತಿ ಬಂದಿತು. ಎರಡು ವರ್ಷಗಳಿಗೊಮ್ಮೆ ಬರುವ ದೀರ್ಘಾವಧಿ ಆವೃತ್ತಿಗೆ ಐದು ವರ್ಷ ಸಾಮಾನ್ಯ ಬೆಂಬಲವಿದೆ. ಇದರ ಪರದೆಯ ವಿನ್ಯಾಸ ವಿಂಡೋಸಿಗಿಂತ ಭಿನ್ನವಾದರೂ ಸಹಾಯ ಸಾಹಿತ್ಯ ಹೇರಳ.

ಝೋರಿನ್: ಐರ್ಲೆಂಡಿನಲ್ಲಿ ಹುಟ್ಟಿದ ಇದು ವಿಂಡೋಸಿನಿಂದ ಬರುವವರನ್ನೇ ಗಮನದಲ್ಲಿರಿಸಿಕೊಂಡಿದೆ. ಉಚಿತ ಆವೃತ್ತಿಯೊಂದಿಗೆ ಹಣ ಕೊಟ್ಟು ಪಡೆಯುವ ಆವೃತ್ತಿಯೂ ಇದೆ. ಮನೆಬಳಕೆಗೆ ಉಚಿತವಾದುದು ಸಾಕು.

ಡೆಬಿಯನ್: 1993ರಲ್ಲಿ ಆರಂಭವಾದ, ಸ್ವಯಂಸೇವಕರ ಹಿರಿಯ ಸಂಸ್ಥೆ. ಅತ್ಯಂತ ಸ್ಥಿರ, ಆದರೆ ಸ್ವಲ್ಪ ಪಳಗಿದವರಿಗೆ ಮೇಲು. ನಮ್ಮ ಸಿ-ಡ್ಯಾಕ್ ಸಂಸ್ಥೆ ಭಾರತೀಯ ಭಾಷೆಗಳ ಬಳಕೆದಾರರಿಗಾಗಿ ರೂಪಿಸಿದ ಬಾಸ್ ಲಿನಕ್ಸ್ ಇದರ ಮೇಲೆಯೇ ನಿಂತಿದೆ.

ನಾವು ಆರಿಸಿದ್ದು ಮಿಂಟ್. ಮನೆಯಾಕೆ ಅರ್ಧ ಗಂಟೆಯಲ್ಲಿ ಪಳಗಿದರು. ನಮಗೆ ಎರಡು ದಿನ ಬೇಕಾಯಿತು.

ಕನ್ನಡದ ಮಾತು

ಕೀಲಿಮಣೆಯ ಆಯ್ಕೆಗಳಲ್ಲಿ ಕನ್ನಡವನ್ನು ಸೇರಿಸಿದರೆ ಇನ್‌ಸ್ಕ್ರಿಪ್ಟ್ ವಿನ್ಯಾಸ ದೊರೆಯುತ್ತದೆ. ನುಡಿಯಲ್ಲಿ ಬೆರಳು ಕೂತವರು ಅದೇ ಪಟ್ಟಿಯಲ್ಲಿರುವ ಕಗಪ ವಿನ್ಯಾಸವನ್ನು ಆರಿಸಬಹುದು. ಲೋಹಿತ್, ನೋಟೊ, ಗುಬ್ಬಿ, ನವಿಲು ಮೊದಲಾದ ಮುಕ್ತ ಅಕ್ಷರಗಳು ಉಚಿತವಾಗಿ ಸಿಗುತ್ತವೆ. ಲಿಬ್ರೆಆಫೀಸ್‌ನಲ್ಲಿ ಕನ್ನಡ ಪತ್ರ ಬರೆಯಲು ಯಾವ ಅಡ್ಡಿಯೂ ಇಲ್ಲ.

ತೊಡಕು ಬರುವುದು ಹಳೆಯ ಕಡತಗಳಿಂದ. ನಮ್ಮ ತಂದೆಯವರ ಬರಹವನ್ನು ತೆರೆದಾಗ ಪರದೆಯ ತುಂಬ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಂಡವು. ಎಲ್ಲವೂ ಹೋಯಿತೆಂದೇ ಭಾವಿಸಿದೆವು. ನಿಜಸಂಗತಿಯೆಂದರೆ, ಯುನಿಕೋಡ್ ರೂಢಿಗೆ ಬರುವ ಮುನ್ನ ನುಡಿ, ಬರಹದಂತಹ ತಂತ್ರಾಂಶಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸ್ಥಾನದಲ್ಲಿಯೇ ಕನ್ನಡದ ಆಕಾರಗಳನ್ನು ಕೂರಿಸುತ್ತಿದ್ದರು. ಆ ಅಕ್ಷರಕಡತವಿಲ್ಲದ ಯಂತ್ರಕ್ಕೆ ಕನ್ನಡ ಕಾಣದು. ವಿಂಡೋಸಿನಿಂದ ಆ ಅಕ್ಷರಕಡತವನ್ನು ನಕಲಿಸಿ ಇಲ್ಲಿ ಅಳವಡಿಸಿದೊಡನೆ ತಂದೆಯವರ ಮೊದಲ ಸಾಲು ಮತ್ತೆ ಕಣ್ಣ ಮುಂದೆ ನಿಂತಿತು. ಬಳಿಕ ಅದನ್ನು ಪರಿವರ್ತಕದ ನೆರವಿನಿಂದ ಯುನಿಕೋಡ್‌ಗೆ ಬದಲಿಸಿ, ಒತ್ತಕ್ಷರಗಳ ದೋಷವನ್ನು ಸಾಲುಸಾಲಾಗಿ ತಿದ್ದಿದೆವು. ಹಳೆಯ ಸ್ಮರಣಸಂಚಿಕೆ, ನಾಟಕ, ಪತ್ರಗಳನ್ನು ಇರಿಸಿಕೊಂಡಿರುವ ಸದಸ್ಯರು ಯಂತ್ರ ಸರಿಯಿರುವಾಗಲೇ ಈ ಕೆಲಸ ಮಾಡಿಕೊಳ್ಳುವುದು ಒಳಿತು.

ಅಳವಡಿಸುವ ಕ್ರಮ

ಮೊದಲು ಎಲ್ಲ ಕಡತಗಳನ್ನೂ ಅಕ್ಷರಕಡತಗಳನ್ನೂ ಹೊರಗಿನ ಡಿಸ್ಕಿಗೆ ನಕಲಿಸಿ, ಆ ನಕಲು ಬೇರೊಂದು ಯಂತ್ರದಲ್ಲಿ ತೆರೆಯುವುದೇ ಎಂದು ನೋಡಬೇಕು. ವಿಂಡೋಸಿನಲ್ಲಿ ಬಿಟ್‌ಲಾಕರ್ ಗೂಢಲಿಪಿ ಇದ್ದರೆ ಅದರ ಮರುಪಡೆಯುವ ಕೀಲಿಯನ್ನು ಬರೆದಿಟ್ಟುಕೊಳ್ಳಬೇಕು.

ಅನಂತರ ಅಧಿಕೃತ ತಾಣದಿಂದಲೇ ವಿತರಣೆಯನ್ನು ಇಳಿಸಿಕೊಂಡು, ರೂಫಸ್ ಅಥವಾ ಬಲೇನಾ ಎಚರ್ ತಂತ್ರಾಂಶದ ಮೂಲಕ ಎಂಟು ಜಿಬಿಯ ಪೆನ್‌ಡ್ರೈವ್‌ಗೆ ಬರೆಯಬೇಕು. ಪೆನ್‌ಡ್ರೈವ್‌ನಲ್ಲಿ ಮೊದಲಿದ್ದುದೆಲ್ಲ ಅಳಿಯುತ್ತದೆ. ಯಂತ್ರ ಆರಂಭವಾಗುವಾಗ ಎಫ್12, ಎಫ್2 ಅಥವಾ ಎಸ್ಕೇಪ್ ಗುಂಡಿಯೊತ್ತಿ ಪೆನ್‌ಡ್ರೈವ್‌ನಿಂದ ತೆರೆಯಬೇಕು. ಗುಂಡಿ ಯಂತ್ರದಿಂದ ಯಂತ್ರಕ್ಕೆ ಬದಲಾಗುತ್ತದೆ.

ಹೀಗೆ ತೆರೆದಾಗ ಏನನ್ನೂ ಅಳವಡಿಸದೆಯೇ ಲಿನಕ್ಸನ್ನು ಪರೀಕ್ಷಿಸಬಹುದು. ವೈ-ಫೈ, ಧ್ವನಿ, ಕ್ಯಾಮೆರಾ, ಮುದ್ರಕ ನಡೆಯುತ್ತವೆಯೇ ಎಂದು ಒಂದು ಸಂಜೆ ನೋಡಿರಿ. ವೈ-ಫೈ ಸಿಗದಿದ್ದರೆ ಹೆಚ್ಚುವರಿ ಚಾಲಕ ತಂತ್ರಾಂಶ ಬೇಕಾಗಬಹುದು. ಎಲ್ಲವೂ ಸರಿಯೆನಿಸಿದ ಮೇಲೆಯೇ ಅಳವಡಿಸಿರಿ. ವಿಂಡೋಸಿನ ಪಕ್ಕದಲ್ಲಿ ಇರಿಸುವ ಆಯ್ಕೆಯೂ, ಡಿಸ್ಕನ್ನು ಪೂರ್ಣ ಅಳಿಸುವ ಆಯ್ಕೆಯೂ ಅಲ್ಲಿರುತ್ತವೆ. ಆತುರಗಾರನಿಗೆ ಬುದ್ಧಿ ಮಟ್ಟವೆಂಬ ಗಾದೆ ನೆನಪಿರಬೇಕಾದುದು ಈ ಪುಟದಲ್ಲಿಯೇ. ನಾವು ಎರಡನೆಯದನ್ನು ಒತ್ತಿ ನಾಲ್ಕು ವರ್ಷಗಳ ಕುಟುಂಬದ ಛಾಯಾಚಿತ್ರಗಳನ್ನು ಕಳೆದುಕೊಂಡೆವು. ತಂದೆಯವರ ಬರಹ ಉಳಿದದ್ದು ಅದನ್ನು ಮಾತ್ರ ನಕಲಿಸಿಟ್ಟಿದ್ದರಿಂದ.

ಬ್ಯಾಂಕ್ ನೌಕರರಾಗಿ ಒಂದು ಮಾತು

ಸುರಕ್ಷತಾ ಪರಿಷ್ಕರಣೆಗಳಿಲ್ಲದ ಯಂತ್ರದಲ್ಲಾಗಲಿ, ಕಳ್ಳಪ್ರತಿಯ ವಿಂಡೋಸಿನಲ್ಲಾಗಲಿ ಹಣದ ವ್ಯವಹಾರ ಮಾಡುವುದು ಬೀಗವಿಲ್ಲದ ಪೆಟ್ಟಿಗೆಯಲ್ಲಿ ಒಡವೆ ಇಟ್ಟಂತೆ. ನವೀಕರಿಸಿದ ಲಿನಕ್ಸ್ ಇದಕ್ಕಿಂತ ಸುರಕ್ಷಿತ. ಆದರೆ ಫೋನಿನಲ್ಲಿ ಒಟಿಪಿ ಕೇಳುವ ವಂಚಕನಿಂದ ಯಾವ ಕಾರ್ಯಾಚರಣಾ ವ್ಯವಸ್ಥೆಯೂ ಕಾಪಾಡದು. ರಿಸರ್ವ್ ಬ್ಯಾಂಕಿನ ಸೂಚನೆಯಂತೆ ಬ್ಯಾಂಕುಗಳು 2025ರ ಅಕ್ಟೋಬರ್ ಅಂತ್ಯದೊಳಗೆ ಬ್ಯಾಂಕ್ ಡಾಟ್ ಇನ್ ಎಂದು ಕೊನೆಗೊಳ್ಳುವ ವಿಳಾಸಕ್ಕೆ ಬರಬೇಕಿತ್ತು. ವ್ಯವಹರಿಸುವ ಮುನ್ನ ವಿಳಾಸವನ್ನು ಓದುವ ಅಭ್ಯಾಸವಿರಲಿ.

ಮನೆಯಲ್ಲಿ ಹಳೆಯ ಯಂತ್ರವುಳ್ಳ ಬಂಧುಗಳು ಅದನ್ನು ಗುಜರಿಗೆ ಹಾಕುವ ಮುನ್ನ ಒಂದು ಪೆನ್‌ಡ್ರೈವ್, ಒಂದು ಭಾನುವಾರ ಮೀಸಲಿಟ್ಟು ನೋಡಬಹುದು. ಯಂತ್ರ ಉಳಿಯದಿದ್ದರೂ ಅದರೊಳಗಿನ ಕನ್ನಡವಂತೂ ಉಳಿಯಲಿ.