ಧಾರವಾಡದಿಂದ ಬಂದ ಒಂದು ಅರ್ಜಿ

ಧಾರವಾಡವೆಂದರೆ ನಮಗೆ ವಿದ್ಯೆಯ ಊರು. ಶಾಲೆಗಳಲ್ಲಿ ಮರಾಠಿಯೇ ಮೆರೆಯುತ್ತಿದ್ದ ಕಾಲದಲ್ಲಿ ಆ ಸೀಮೆಯಲ್ಲಿ ಕನ್ನಡ ಶಾಲೆಗಳನ್ನು ಕಟ್ಟಿ ಬೆಳೆಸಿದ ಡೆಪ್ಯೂಟಿ ಚನ್ನಬಸಪ್ಪನವರ ಹೆಸರನ್ನು ರಾಜ್ಯೋತ್ಸವದ ಭಾಷಣಗಳಲ್ಲಿ ನಾವೆಲ್ಲರೂ ಕೇಳಿದ್ದೇವೆ. ಅದು ಕೇಳಲೇಬೇಕಾದ ಹೆಸರು. ಆದರೆ ಹೆಚ್ಚುಕಡಮೆ ಅದೇ ವರ್ಷಗಳಲ್ಲಿ ಅದೇ ಧಾರವಾಡದಿಂದ ಮುಂಬಯಿಯ ಸರಕಾರಕ್ಕೆ ಬಂದ ಒಂದು ಅರ್ಜಿಯ ಕಥೆಯನ್ನು ಹೇಳುವವರು ಕಡಮೆ. ಕನ್ನಡಕ್ಕೆ ಶಾಲೆಯ ಬಾಗಿಲು ತೆರೆದ ಕಥೆಯ ಜೊತೆಗೆ, ಆ ಬಾಗಿಲು ಯಾರ ಮುಂದೆ ಮುಚ್ಚಿತ್ತು ಎಂಬ ಕಥೆಯೂ ಸೇರಿದರೆ ಮಾತ್ರ ನಮ್ಮ ವಿದ್ಯೆಯ ಚರಿತ್ರೆ ಪೂರ್ಣವಾದೀತು.

ಆಗ ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ ಜಿಲ್ಲೆ. ೧೮೫೪ರಲ್ಲಿ ಲಂಡನ್ನಿನಿಂದ ಬಂದ ಚಾರ್ಲ್ಸ್ ವುಡ್‌ನ ಆಜ್ಞಾಪತ್ರವು ಜನಸಾಮಾನ್ಯರ ವಿದ್ಯಾಭ್ಯಾಸವೂ ಸರಕಾರದ ಹೊಣೆ ಎಂದು ಸಾರಿತ್ತು. ಮರುವರ್ಷ ಮುಂಬಯಿಯಲ್ಲಿ ವಿದ್ಯಾ ಇಲಾಖೆ ಆರಂಭವಾಯಿತು. ಇದಾದ ಕೆಲವೇ ತಿಂಗಳಿಗೆ, ೧೮೫೬ರ ಜೂನ್‌ನಲ್ಲಿ, ಮಹಾರ್ ಜಾತಿಯ ಬಾಲಕನೊಬ್ಬ ಮುಂಬಯಿ ಸರಕಾರಕ್ಕೆ ಬರೆದುಕೊಂಡ: ಎಲ್ಲರಂತೆ ಫೀ ಕೊಡಲು ತಾನು ಸಿದ್ಧನಿದ್ದರೂ ಧಾರವಾಡದ ಸರಕಾರಿ ಶಾಲೆಯಲ್ಲಿ ತನ್ನನ್ನು ಸೇರಿಸಿಕೊಳ್ಳಲಿಲ್ಲ, ಸರಕಾರ ನ್ಯಾಯ ದೊರಕಿಸಬೇಕು. ಅವನು ಧರ್ಮಾರ್ಥವಾಗಿ ಏನನ್ನೂ ಕೇಳಿರಲಿಲ್ಲ. ಎಲ್ಲರಿಗೂ ಎಂದು ಹೇಳಿದ ಶಾಲೆಯಲ್ಲಿ ತನಗೂ ಒಂದು ಜಾಗ ಕೇಳಿದ್ದ, ಅಷ್ಟೇ.

ಜುಲೈ ತಿಂಗಳಲ್ಲೇ ಉತ್ತರ ಸಿದ್ಧವಾಯಿತು. ಅದನ್ನು ಓದಿದವರಿಗೆ ನಗಬೇಕೋ ಮರುಗಬೇಕೋ ತಿಳಿಯದು. ನ್ಯಾಯವೇನೋ ಅರ್ಜಿದಾರನ ಕಡೆಗೇ ಇದೆ ಎಂದು ಸರಕಾರ ಒಪ್ಪಿತು. ಆದರೆ ಒಬ್ಬಿಬ್ಬರಿಗಾಗಿ ಯುಗಯುಗಗಳ ನಂಬಿಕೆಗಳ ಮೇಲೆ ಒಮ್ಮೆಲೇ ಕೈಹಾಕಿದರೆ ವಿದ್ಯಾಪ್ರಸಾರಕ್ಕೇ ಕೇಡಾದೀತೆಂದು ಹೇಳಿತು. ಈ ಕಷ್ಟ ತಾನು ಹುಟ್ಟಿಸಿದ್ದಲ್ಲವೆಂದು ಕೈತೊಳೆದುಕೊಂಡಿತು. ಮೇಲ್ಜಾತಿಯ ಮಕ್ಕಳು ಶಾಲೆ ಬಿಟ್ಟುಹೋದಾರೆಂಬ ಭಯವೇ ಇದರ ಒಳಗುಟ್ಟು.

ವಿಷಯ ಅಲ್ಲಿಗೇ ಮುಗಿಯಲಿಲ್ಲ. ಕಾಗದಪತ್ರಗಳು ಕಲಕತ್ತೆಗೆ ಹೋದವು. ೧೮೫೭ರ ಜನವರಿಯಲ್ಲಿ ಭಾರತ ಸರಕಾರ, ಮುಂಬಯಿಯವರು ಮಾಡಿದ್ದು ವಿವೇಕವೇ ಇರಬಹುದು ಎಂದು ಮೃದುವಾಗಿ ಹೇಳಿ, ಬಂಗಾಲದ ಸರಕಾರಿ ಶಾಲೆಯಾಗಿದ್ದರೆ ಈ ಹುಡುಗನಿಗೆ ಪ್ರವೇಶ ತಪ್ಪುತ್ತಿರಲಿಲ್ಲ ಎಂಬ ಮಾತನ್ನೂ ಸೇರಿಸಿತು. ಅಲ್ಲಿಂದ ವಿಷಯ ಲಂಡನ್ನಿಗೆ ಮುಟ್ಟಿತು. ಈಸ್ಟ್ ಇಂಡಿಯಾ ಕಂಪನಿಯ ಆಳ್ವಿಕೆಯ ಕೊನೆಯ ದಿನಗಳಲ್ಲಿ, ೧೮೫೮ರ ಏಪ್ರಿಲ್‌ನಲ್ಲಿ, ಅದರ ನಿರ್ದೇಶಕರು ಸರಕಾರಿ ವಿದ್ಯಾಸಂಸ್ಥೆಗಳು ಎಲ್ಲ ವರ್ಗಗಳಿಗೂ ತೆರೆದಿರಬೇಕು, ಈ ತತ್ವವನ್ನು ಬಿಡಲಾಗದು ಎಂದು ಬರೆದರು. ಮುಂಬಯಿ ಸರಕಾರ ತನ್ನ ನಿರ್ಣಯವನ್ನು ತಿದ್ದಬೇಕಾಯಿತು.

ಕಾಗದದ ಮೇಲೆ ಬಾಗಿಲು ತೆರೆಯಿತು. ಆದರೆ ಆ ತಿದ್ದಿದ ನಿರ್ಣಯದಲ್ಲೇ ಒಂದು ಸಂದು ಉಳಿದಿತ್ತು. ಸಂಪೂರ್ಣವಾಗಿ ಸರಕಾರದ ಖರ್ಚಿನಲ್ಲಿ ನಡೆಯುವ ಶಾಲೆಗಳು ಮಾತ್ರ ಎಲ್ಲರಿಗೂ ತೆರೆದವು. ಊರಿನವರೂ ಹಣ ಹಾಕಿ ನಡೆಸುವ ಶಾಲೆಗಳಲ್ಲಿ ಅವರು ಬೇಡವೆಂದರೆ ಒತ್ತಾಯವಿಲ್ಲ. ಸರಕಾರ ಸಹಾಯಧನ ನಿಲ್ಲಿಸುವ ಹಕ್ಕನ್ನು ಇಟ್ಟುಕೊಂಡಿತಾದರೂ, ಹಕ್ಕನ್ನು ಇಟ್ಟುಕೊಳ್ಳುವುದು ಬೇರೆ, ಚಲಾಯಿಸುವುದು ಬೇರೆ. ಒಳಗೆ ಹೋದ ಮಕ್ಕಳಿಗೂ ಸರಿಸಮನಾದ ಜಾಗ ಸಿಗಲಿಲ್ಲ. ಇದೇ ಪ್ರಾಂತದ ಸಾತಾರೆಯ ಶಾಲೆಯಲ್ಲಿ ಬಾಲಕ ಭೀಮರಾವ್ ಅಂಬೇಡಕರರು ತರಗತಿಯ ಮೂಲೆಯಲ್ಲಿ ತಮ್ಮದೇ ಗೋಣಿತಟ್ಟಿನ ಮೇಲೆ ಬೇರೆಯಾಗಿ ಕೂರಬೇಕಾಗಿತ್ತು. ಅದು ಧಾರವಾಡದ ಅರ್ಜಿಯಾಗಿ ನಾಲ್ಕು ದಶಕಗಳ ಅನಂತರದ ಮಾತು. ಮುಂದೆ ೧೯೨೮ರಲ್ಲಿ ಸೈಮನ್ ಆಯೋಗಕ್ಕೆ ಮುಂಬಯಿ ಪ್ರಾಂತದ ದಲಿತರ ಶಿಕ್ಷಣದ ಸ್ಥಿತಿಯನ್ನು ವಿವರಿಸುವಾಗ ಅಂಬೇಡಕರರು ಈ ಧಾರವಾಡದ ಪ್ರಕರಣವನ್ನೇ ಸಾಕ್ಷಿಯಾಗಿ ಮುಂದಿಟ್ಟರು.

ಅಷ್ಟರಲ್ಲಿ ಬೇರೆ ಕೈಗಳೂ ಬಾಗಿಲು ತಟ್ಟುತ್ತಿದ್ದವು. ಪುಣೆಯಲ್ಲಿ ೧೮೪೮ರಿಂದಲೇ ಶಾಲೆ ನಡೆಸಿದ್ದ ಜೋತಿರಾವ್ ಫುಲೆಯವರು ೧೮೮೨ರಲ್ಲಿ ಹಂಟರ್ ಆಯೋಗದ ಮುಂದೆ, ರೈತರ ತೆರಿಗೆಯ ಹಣ ಮೇಲಿನವರ ಉಚ್ಚ ಶಿಕ್ಷಣಕ್ಕೆ ಹೋಗುತ್ತಿದೆ, ಕನಿಷ್ಠ ಹನ್ನೆರಡು ವಯಸ್ಸಿನವರೆಗಾದರೂ ಪ್ರಾಥಮಿಕ ಶಿಕ್ಷಣ ಕಡ್ಡಾಯವಾಗಲಿ ಎಂದು ಕೇಳಿಕೊಂಡರು. ಮದ್ರಾಸ್ ಪ್ರಾಂತಕ್ಕೆ ಸೇರಿದ್ದ ನಮ್ಮ ದಕ್ಷಿಣ ಕನ್ನಡದಲ್ಲಿ ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರಾಗಿದ್ದೂ ಸ್ವಜನರ ಬಹಿಷ್ಕಾರ ಸಹಿಸಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆರೆದರು. ತಾವು ಓದಿಸಿದ ಮಕ್ಕಳು ದೊಡ್ಡ ಹುದ್ದೆಗೇರಿ ಕಾರಿನಲ್ಲಿ ಓಡಾಡಬೇಕು, ಅದರ ಧೂಳು ತಮ್ಮ ತಲೆಗೆ ತಾಗಬೇಕು ಎಂಬ ಅವರ ಆಸೆ ಇಂದಿಗೂ ಆ ಜಿಲ್ಲೆಯ ಜನರ ಬಾಯಲ್ಲಿದೆ. ಜಮಖಂಡಿಯಲ್ಲಿ ಹುಟ್ಟಿದ ವಿಠ್ಠಲ ರಾಮಜಿ ಶಿಂದೆಯವರು ೧೯೦೬ರಲ್ಲಿ ಇಲ್ಲೇ, ನಮ್ಮ ಪರೇಲಿನಲ್ಲಿ, ಇಂಥದೇ ಶಾಲೆ ಆರಂಭಿಸಿದರು.

ಜಾತಿಯ ಗೋಡೆಯ ಜೊತೆಗೆ ಬಡತನದ ಗೋಡೆಯೂ ಇತ್ತು. ಫೀ ತೆಗೆದು, ಎಲ್ಲ ಮಕ್ಕಳೂ ಶಾಲೆಗೆ ಬರಲೇಬೇಕೆಂದು ವಿಧಿಸಿದ ಹೊರತು ಕೂಲಿಕಾರನ ಮಗ ಶಾಲೆಯ ಮುಖ ನೋಡುವಂತಿರಲಿಲ್ಲ. ಬರೋಡಾ ಸಂಸ್ಥಾನ ೧೯೦೬ರಲ್ಲಿ ರಾಜ್ಯವಿಡೀ ಕಡ್ಡಾಯ ಶಿಕ್ಷಣ ತಂದಿತು. ಅದನ್ನು ಮಾದರಿಯಾಗಿಟ್ಟು ಗೋಪಾಲಕೃಷ್ಣ ಗೋಖಲೆಯವರು ೧೯೧೧ರಲ್ಲಿ ಕೇಂದ್ರ ಶಾಸನಸಭೆಯಲ್ಲಿ ಮಸೂದೆ ಮಂಡಿಸಿದರು. ಮರುವರ್ಷ ೧೩ ಮತಗಳ ಎದುರು ೩೮ ಮತಗಳಿಂದ ಅದು ಬಿದ್ದುಹೋಯಿತು. ಸರಕಾರದ ಜೊತೆಗೆ ನಮ್ಮ ಜಮೀನ್ದಾರರೂ ವಿರೋಧಿಸಿದ್ದರು. ಆದರೆ ಮೈಸೂರು ಸಂಸ್ಥಾನ ೧೯೧೩ರಲ್ಲಿ, ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, ಆಯ್ದ ಸ್ಥಳಗಳಲ್ಲಿ ಕಡ್ಡಾಯ ಶಿಕ್ಷಣಕ್ಕೆ ಶಾಸನ ಮಾಡಿತು. ೧೯೧೭ರಲ್ಲಿ ಕೊಲ್ಹಾಪುರದ ಶಾಹೂ ಮಹಾರಾಜರು ಅದೇ ಹಾದಿ ಹಿಡಿದರು. ೧೯೧೮ರಲ್ಲಿ ವಿಠ್ಠಲಭಾಯಿ ಪಟೇಲರ ಪ್ರಯತ್ನದಿಂದ ಮುಂಬಯಿ ಪ್ರಾಂತದ ಪುರಸಭೆಗಳಿಗೂ ಆ ಅಧಿಕಾರ ದೊರೆಯಿತು. ೧೯೨೩ರಲ್ಲಿ ಮುಂಬಯಿ ಸರಕಾರ, ದಲಿತ ಮಕ್ಕಳನ್ನು ಸೇರಿಸಿಕೊಳ್ಳದ ಶಾಲೆಗೆ ಸಹಾಯಧನವಿಲ್ಲ ಎಂದು ಕೊನೆಗೂ ಹೇಳಿತು. ೧೮೫೮ರಲ್ಲಿ ಇಟ್ಟುಕೊಂಡ ಹಕ್ಕನ್ನು ಚಲಾಯಿಸಲು ಹಿಡಿದದ್ದು ೬೫ ವರ್ಷ!

ಸ್ವತಂತ್ರ ಭಾರತದ ಸಂವಿಧಾನ ಅಸ್ಪೃಶ್ಯತೆಯನ್ನು ನಿಷೇಧಿಸಿತು. ೧೪ ವರ್ಷದೊಳಗಿನ ಎಲ್ಲ ಮಕ್ಕಳಿಗೆ ಹತ್ತು ವರ್ಷಗಳಲ್ಲಿ ಉಚಿತ, ಕಡ್ಡಾಯ ಶಿಕ್ಷಣ ಕೊಡಲು ಯತ್ನಿಸಬೇಕೆಂದಿತು. ಆ ಗಡುವು ೧೯೬೦ಕ್ಕೆ ಮುಗಿಯಿತು, ಕೆಲಸ ಮುಗಿಯಲಿಲ್ಲ. ೨೦೦೨ರ ೮೬ನೆಯ ತಿದ್ದುಪಡಿ ಶಿಕ್ಷಣವನ್ನು ಮೂಲಭೂತ ಹಕ್ಕೆಂದು ಸಾರಿತು. ೨೦೦೯ರ ಶಿಕ್ಷಣ ಹಕ್ಕು ಕಾಯಿದೆ ೨೦೧೦ರ ಏಪ್ರಿಲ್ ೧ರಿಂದ ಜಾರಿಗೆ ಬಂತು.

ಇದೆಲ್ಲ ದೂರದ ಚರಿತ್ರೆಯಲ್ಲ. ನಮ್ಮ ಹಿರಿಯರಲ್ಲಿ ಅನೇಕರು ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಶಾಲೆಯಲ್ಲಿ ಓದಿ ಗುಮಾಸ್ತರಾದರು, ವಕೀಲರಾದರು. ನಗರಪಾಲಿಕೆಯ ಕನ್ನಡ ಶಾಲೆಗಳಲ್ಲಿ ಅವರ ಮಕ್ಕಳು ಅಕ್ಷರ ಕಲಿತರು. ಯಾರೋ ಕೇಳಿ, ಯಾರೋ ಕಾಡಿ ತೆರೆಸಿದ ಬಾಗಿಲಿನಿಂದಲೇ ನಾವು ಒಳಗೆ ಬಂದವರು.

ಇಂದು ಈ ಮಹಾನಗರದ ಕಟ್ಟಡಗಳಲ್ಲಿ ಇಟ್ಟಿಗೆ ಹೊರುವವರಲ್ಲಿ ಕಲಬುರಗಿ, ಯಾದಗಿರಿ, ರಾಯಚೂರು ಕಡೆಯ ನಮ್ಮವರೂ ಇದ್ದಾರೆ. ಕೆಲಸ ಸರಿದಂತೆ ಗುಡಿಸಲೂ ಸರಿಯುತ್ತದೆ, ಮಕ್ಕಳ ಓದು ಅರ್ಧಕ್ಕೆ ನಿಲ್ಲುತ್ತದೆ. ಜನನ ಪತ್ರ ಇಲ್ಲ, ಹಿಂದಿನ ಶಾಲೆಯ ದಾಖಲೆ ಇಲ್ಲ ಎಂದು ಯಾರಾದರೂ ಹಿಂದಕ್ಕೆ ಕಳಿಸಿದರೆ ಆ ತಾಯಿತಂದೆಯರು ಮಾತಾಡದೆ ಮರಳುತ್ತಾರೆ. ವಯಸ್ಸಿನ ದಾಖಲೆ ಇಲ್ಲವೆಂಬ ಕಾರಣಕ್ಕೆ, ವರ್ಗಾವಣೆ ಪತ್ರ ತಡವಾಯಿತೆಂಬ ಕಾರಣಕ್ಕೆ ಪ್ರವೇಶ ನಿರಾಕರಿಸುವಂತಿಲ್ಲ ಎಂದು ಕಾಯಿದೆ ಸ್ಪಷ್ಟವಾಗಿ ಹೇಳಿದೆ. ಅದನ್ನು ಅವರಿಗೆ ಅವರ ಭಾಷೆಯಲ್ಲಿ ತಿಳಿಸುವವರು ಬೇಕು. ಧಾರವಾಡದ ಆ ಬಾಲಕನ ಅರ್ಜಿಗೆ ಮುಂಬಯಿ ಒಮ್ಮೆ ಇಲ್ಲವೆಂದಿತ್ತು. ಅದೇ ಮುಂಬಯಿಯಲ್ಲಿ ನೆಲೆ ಕಂಡ ನಾವು, ಜೂನ್ ತಿಂಗಳಲ್ಲಿ ಶಾಲೆ ತೆರೆಯುವ ಹೊತ್ತಿಗೆ ನಮ್ಮ ಓಣಿಯ ಇಂಥ ಒಂದು ಮಗುವಿನ ಕೈಹಿಡಿದು ಮುಖ್ಯೋಪಾಧ್ಯಾಯರ ಕೋಣೆಯವರೆಗೆ ಹೋಗಿ ಬರೋಣ. ಅರ್ಜಿ ಬರೆದುಕೊಡುವಷ್ಟು ಅಕ್ಷರ ನಮ್ಮೆಲ್ಲರಲ್ಲೂ ಇದೆ.