ಬೀಗದ ಕೈ ಹಿಡಿದವರು

ಮಾನಸಿಕ ಆಸ್ಪತ್ರೆಯ ವಾರ್ಡಿನಲ್ಲಿ ನರ್ಸ್ ಆಗಿರುವವರು ನಮ್ಮ ಸಂಘದ ಮನೆಗಳಲ್ಲೂ ಇದ್ದಾರೆ. ಊರಿನವರೊಡನೆ ಮಾತಾಡುವಾಗ "ಆಸ್ಪತ್ರೆಯಲ್ಲಿ ಕೆಲಸ" ಎಂದಷ್ಟೇ ಹೇಳುತ್ತಾರೆ. ಯಾವ ಆಸ್ಪತ್ರೆ ಎಂಬ ಮಾತು ಬಂದರೆ ವಿಷಯ ಬದಲಾಗುತ್ತದೆ. ಈ ಸಂಕೋಚ ಅನಗತ್ಯವೆಂದು ನನಗೆ ತೋರುವುದರಿಂದ, ನಾವಿರುವ ಈ ಬ್ರಿಟನ್ನಿನಲ್ಲಿ ಆ ಉದ್ಯೋಗ ಬೆಳೆದು ಬಂದ ಬಗೆಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಹದಿನೆಂಟನೆಯ ಶತಮಾನದಲ್ಲಿ ಇವರಿಗೆ ಇಲ್ಲಿ 'ಕೀಪರ್' ಎಂದು ಹೆಸರು. ಪ್ರಾಣಿಗಳನ್ನು ಕಾಯುವವನಿಗೂ ಅದೇ ಪದ! ಬೀಗದ ಕೈ, ಸರಪಳಿ ಇವೇ ಅವರ ಉಪಕರಣಗಳು. 1796ರಲ್ಲಿ ಯಾರ್ಕ್ ನಗರದಲ್ಲಿ ಕ್ವೇಕರ್ ಪಂಥದ ವಿಲಿಯಂ ಟ್ಯೂಕ್ 'ರಿಟ್ರೀಟ್' ಎಂಬ ಮನೆಯನ್ನು ತೆರೆದು, ರೋಗಿಗಳನ್ನು ಸೌಮ್ಯವಾಗಿ ನೋಡಿಕೊಳ್ಳಬಹುದೆಂದು ತೋರಿಸಿದರು. ಅದು ಚಿಕ್ಕ ಸಂಸ್ಥೆ. ದೊಡ್ಡ ಪರೀಕ್ಷೆ ನಡೆದದ್ದು 1839ರಲ್ಲಿ, ಲಂಡನ್ ಸಮೀಪದ ಹ್ಯಾನ್‌ವೆಲ್‌ನಲ್ಲಿ. ಅಲ್ಲಿ ಸುಮಾರು 800 ರೋಗಿಗಳಿದ್ದರು. ಡಾ. ಜಾನ್ ಕೊನೊಲಿ ಅವರೆಲ್ಲರ ಕಟ್ಟುಗಳನ್ನು ತೆಗೆಸಿದರು. ಸರಪಳಿ ಮಾಡುತ್ತಿದ್ದ ಕೆಲಸವನ್ನು ಇನ್ನು ಮನುಷ್ಯರೇ ಮಾಡಬೇಕಾಯಿತು. ಒಳ್ಳೆಯ ಸೇವಕರು ಬೇಕು, ಸಾಕಷ್ಟು ಜನ ಬೇಕು ಎಂದು ಕೊನೊಲಿ ಪಟ್ಟು ಹಿಡಿದರು.

ಕಲಿಸಲು ಪುಸ್ತಕ ಬಂದದ್ದು ಮಾತ್ರ 1885ರಲ್ಲಿ. 'ಕೆಂಪು ಕೈಪಿಡಿ' ಎಂದೇ ಅದು ಪ್ರಸಿದ್ಧವಾಯಿತು. 1891ರಿಂದ ಪರೀಕ್ಷೆ, ಪ್ರಮಾಣಪತ್ರ. ಆದರೂ 1919ರ ಕಾಯಿದೆಯಂತೆ ನರ್ಸುಗಳ ಪಟ್ಟಿ ತಯಾರಾದಾಗ ಇವರಿಗೆ ಜಾಗ ಸಿಕ್ಕಿದ್ದು ಅನುಬಂಧದಲ್ಲಿ. ಪಂಕ್ತಿಯ ಕೊನೆಯ ಎಲೆ ಎನ್ನೋಣ.

ವಾರ್ಡಿನ ಬಾಗಿಲು ತೆರೆದದ್ದು ಗುಳಿಗೆಗಳಿಂದ ಎಂದು ಹೇಳುವುದು ವಾಡಿಕೆ. ಕ್ಲೋರ್‌ಪ್ರೋಮಜೀನ್ ಎಂಬ ಔಷಧ ಪ್ಯಾರಿಸ್ಸಿನ ರೋಗಿಗಳಿಗೆ ದೊರೆತದ್ದು 1952ರಲ್ಲಿ. ಸ್ಕಾಟ್ಲೆಂಡಿನ ಡಿಂಗಲ್ಟನ್ ಆಸ್ಪತ್ರೆಯಲ್ಲಿ ಡಾ. ಜಾರ್ಜ್ ಬೆಲ್ ವಾರ್ಡುಗಳ ಬೀಗಗಳನ್ನೆಲ್ಲ ತೆಗೆಸಿದ್ದು 1949ರಲ್ಲೇ! ಬೀಗವಿಲ್ಲದ ವಾರ್ಡಿನಲ್ಲಿ ಯಾರ ಮನಸ್ಸು ಇಂದು ಹೇಗಿದೆ, ಯಾರು ಊಟ ಬಿಟ್ಟಿದ್ದಾರೆ, ಯಾರು ಬಾಗಿಲತ್ತ ಹೆಚ್ಚು ನೋಡುತ್ತಿದ್ದಾರೆ ಎಂಬುದೆಲ್ಲ ನರ್ಸಿಗೆ ತಿಳಿದಿರಬೇಕು. ಆ ಕೀರ್ತಿಯಲ್ಲಿ ಅವರಿಗೂ ಪಾಲು ಸಲ್ಲಬೇಡವೇ? 1954ರಲ್ಲಿ ವಾರ್ಲಿಂಗ್‌ಹ್ಯಾಂ ಪಾರ್ಕ್ ಆಸ್ಪತ್ರೆಯಿಂದ ಇಬ್ಬರು ನರ್ಸುಗಳು ರೋಗಿಗಳ ಮನೆಗಳಿಗೇ ಹೋಗತೊಡಗಿದರು.

ಕಪ್ಪು ಪುಟವನ್ನೂ ಮರೆಮಾಚಬಾರದು. ಕಾರ್ಡಿಫ್‌ನ ಈಲಿ ಆಸ್ಪತ್ರೆಯಲ್ಲಿ ಸಿಬ್ಬಂದಿಯ ಕ್ರೌರ್ಯವನ್ನು 1969ರ ವಿಚಾರಣಾ ವರದಿ ಬಯಲಿಗೆಳೆಯಿತು.

ನಮ್ಮ ಬೆಂಗಳೂರೇನೂ ಹಿಂದೆ ಬಿದ್ದಿರಲಿಲ್ಲ. ಕಾನೂನಿನಲ್ಲಿ 'ಅಸೈಲಂ' ಎಂಬ ಪದವನ್ನು ಇಂಗ್ಲೆಂಡ್ ಕೈಬಿಟ್ಟದ್ದು 1930ರಲ್ಲಿ. ಬೆಂಗಳೂರಿನ ಆಸ್ಪತ್ರೆ 1925ರಲ್ಲೇ ಹೆಸರು ಬದಲಿಸಿಕೊಂಡಿತ್ತು. 1954ರಲ್ಲಿ ಅಲ್ಲಿಯೇ ಅಖಿಲ ಭಾರತ ಸಂಸ್ಥೆ ಆರಂಭವಾಗಿ, ಮನೋರೋಗ ಶುಶ್ರೂಷೆಯ ತರಬೇತಿಯೂ ನಡೆಯಿತು. 1974ರಲ್ಲಿ ಅದು ನಿಮ್ಹಾನ್ಸ್ ಆಯಿತು. ಇಲ್ಲಿಯ ವಾರ್ಡುಗಳಲ್ಲಿ ಅಪರೂಪವಾದ ಒಂದು ಪದ್ಧತಿ ಅಲ್ಲಿದೆ: ರೋಗಿಯ ಜೊತೆಗೆ ತಾಯಿಯೋ ಹೆಂಡತಿಯೋ ಅಣ್ಣನೋ ವಾರ್ಡಿನಲ್ಲೇ ಉಳಿಯುತ್ತಾರೆ. ಗುಳಿಗೆ ಯಾವಾಗ ಕೊಡಬೇಕು, ಕಾಯಿಲೆ ಮರುಕಳಿಸುವ ಲಕ್ಷಣಗಳೇನು ಎಂಬುದನ್ನು ಅವರಿಗೆ ಕಲಿಸುವುದೂ ನರ್ಸಿನ ಕೆಲಸವೇ.